ಬಳ್ಳಾರಿ ಸೀಮೆಯಲ್ಲಿ ಪೋಲೀಸರ ಆಯ್ಕೆ: ಗುಣಪರೀಕ್ಷೆಯ ಪೂರ್ವೇತಿಹಾಸ

ಪೋಲೀಸು ಕೆಲಸಕ್ಕೆ ಬರುವವನ ಮನೋಧರ್ಮವನ್ನು ಪ್ರಶ್ನಾವಳಿಯಿಂದ ಅಳೆಯುವ ಪದ್ಧತಿ ಇಪ್ಪತ್ತನೆಯ ಶತಮಾನದ್ದು. 1943ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮಿನ್ನೆಸೋಟ ಪರೀಕ್ಷೆಯು ಮನೋರೋಗಿಗಳಿಗಾಗಿ ರಚಿತವಾದುದು. ಕ್ರಮೇಣ ಅಲ್ಲಿನ ಪೋಲೀಸ್ ಉಮೇದುವಾರರಿಗೂ ಅನ್ವಯಿಸಿತು. ಆದರೆ ಲಾಠಿಯನ್ನು ಎಂಥವನ ಕೈಗೆ ಕೊಡಬೇಕೆಂಬ ಪ್ರಶ್ನೆ ಹಳೆಯದು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸೀಮೆಯಲ್ಲಿ ಅದಕ್ಕೆ ದೊರೆತ ಉತ್ತರಗಳನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟಾಗ ಕಾವಲು ಪಾಳೆಯಗಾರರ ಮತ್ತು ಹಳ್ಳಿಯ ತಳವಾರರ ವಶದಲ್ಲಿತ್ತು. ತಳವಾರಿಕೆ ವಂಶಪರಂಪರೆಯದು. ಕಳುವಾದ ಮಾಲು ಸಿಕ್ಕದಿದ್ದರೆ ಕಾವಲುಗಾರನೇ ನಷ್ಟ ತುಂಬಿಕೊಡಬೇಕೆಂಬುದು ದಕ್ಷಿಣದ ಕಾವಲು ಪದ್ಧತಿಯ ರೂಢಿ. ಗುಣಪರೀಕ್ಷೆಯಿರಲಿಲ್ಲ, ಹೊಣೆಯಿತ್ತು.

1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಊರಿನ ಪರಿಚಯವನ್ನೇ ನಂಬಿದನು. ಸಂಬಳದ ದರೋಗನಿಗಿಂತ ಊರ ಗೌಡನೇ ಮೇಲೆಂಬುದು ಅವನ ಮತ. ಅವನ ಪ್ರಭಾವದಿಂದಾದ 1816ರ ಮದ್ರಾಸ್ ಶಾಸನವು ದರೋಗರನ್ನು ತೆಗೆದುಹಾಕಿ, ಪೋಲೀಸು ಅಧಿಕಾರವನ್ನು ಗ್ರಾಮಮುಖ್ಯರಿಗೂ ತಹಶೀಲ್ದಾರರಿಗೂ ಕೊಟ್ಟಿತು. ಊರೆಲ್ಲ ಬಲ್ಲ ಮನುಷ್ಯನ ಗುಣವನ್ನು ಬೇರೆ ಪರೀಕ್ಷಿಸಬೇಕೇಕೆ? ಈ ವಾದವನ್ನು ಇಂದಿಗೂ ಮೆಚ್ಚುವವರುಂಟು. ನಮಗದು ಒಪ್ಪಿಗೆಯಿಲ್ಲ. ಕಂದಾಯ ವಸೂಲಿಗೆ ತಕ್ಕವನು ಪೋಲೀಸು ಕೆಲಸಕ್ಕೂ ತಕ್ಕವನೆಂದು ಎಣಿಸಿದುದೇ ಅದರ ದೋಷ. ಎರಡು ಅಧಿಕಾರಗಳೂ ಒಂದೇ ಕೈಯಲ್ಲಿ ಕೂಡಿದಾಗ ದೂರು ಕೊಡಲು ರೈತನಿಗೆ ಬೇರೆ ಬಾಗಿಲೇ ಉಳಿಯಲಿಲ್ಲ. ಚಿತ್ರಹಿಂಸೆಯ ವಿಚಾರಣೆಗೆಂದು ಮದ್ರಾಸ್ ಸರಕಾರ ನೇಮಿಸಿದ ಮಂಡಲಿಯ 1855ರ ವರದಿ ಇದನ್ನು ಬಯಲಿಗೆ ತಂದಿತು: ಬಾಕಿ ವಸೂಲಿಗೂ ತಪ್ಪೊಪ್ಪಿಗೆಗೂ ಹಿಂಸೆ ಪ್ರಾಂತದಲ್ಲಿ ರೂಢಿಯಾಗಿತ್ತು. ಬಲ್ಲವರ ಊರಿನಲ್ಲಿಯೇ, ಬಲ್ಲವರಿಂದಲೇ!

1859ರ ಕಾಯಿದೆಯಿಂದ ಪ್ರತ್ಯೇಕ ಪೋಲೀಸ್ ಪಡೆ ಹುಟ್ಟಿತು. ಅಲ್ಲಿಂದೀಚೆಗೆ ಮೈಕಟ್ಟಿನ ಅಳತೆ, ಓದುಬರಹ, ನಡತೆಯ ವಿಚಾರಣೆಗಳು ಸೇರಿದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದಮೇಲೂ ಆಯ್ಕೆಯ ಸ್ವರೂಪ ಬಹುಮಟ್ಟಿಗೆ ಇದೇ.

ಇಂದು ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಹೊರಟ ಕಾನ್‌ಸ್ಟೇಬಲ್ ಉಮೇದುವಾರನು 100 ಅಂಕಗಳ ಲಿಖಿತ ಪರೀಕ್ಷೆ ಬರೆಯುತ್ತಾನೆ, 1600 ಮೀಟರು ಓಡುತ್ತಾನೆ, ಎತ್ತರ ಎದೆಯಳತೆಗಳನ್ನು ಕೊಡುತ್ತಾನೆ. ‘ವ್ಯಕ್ತಿತ್ವ ಪರೀಕ್ಷೆ’ಯೆಂಬ ಹೆಸರಿರುವುದು ಐ.ಪಿ.ಎಸ್. ಅಧಿಕಾರಿಗಳನ್ನು ಆರಿಸುವ ಕೇಂದ್ರ ಲೋಕಸೇವಾ ಆಯೋಗದ 275 ಅಂಕಗಳ ಸಂದರ್ಶನಕ್ಕೆ. ಠಾಣೆಯ ಬಾಗಿಲಲ್ಲಿ ರೈತನಿಗೆ ಎದುರಾಗುವವನು ಮಾತ್ರ ಕಾನ್‌ಸ್ಟೇಬಲನು. ಪ್ರಶ್ನಾವಳಿಯೊಂದೇ ಇದಕ್ಕೆ ಮದ್ದೆಂದು ನಾವು ಹೇಳುವುದಿಲ್ಲ. ಉಮೇದುವಾರನು ಮೆಚ್ಚುಗೆಯಾಗುವ ಉತ್ತರವನ್ನೇ ಬರೆಯಬಹುದು. ಮಿನ್ನೆಸೋಟ ಪರೀಕ್ಷೆಯ ಕರ್ತೃಗಳು ಅಂಥ ಉತ್ತರಗಳನ್ನು ಪತ್ತೆಮಾಡಲೆಂದೇ ಕೆಲವು ಪ್ರಶ್ನೆಗಳನ್ನು ನಡುನಡುವೆ ಸೇರಿಸಿದ್ದರು.