ಮೂರು ಹೆದ್ದಾರಿಗಳ ನಡುವೆ ಬಿಂಡಿಗನವಿಲೆ: ಒಂದು ದಾರಿಯ ಚರಿತ್ರೆ

ಬೀದರ್–ಶ್ರೀರಂಗಪಟ್ಟಣ ರಾಜ್ಯ ಹೆದ್ದಾರಿ ಎಂದು ಜನ ಬಹುಕಾಲ ಕರೆದ ರಸ್ತೆಯ ತೆಂಕಣ ಭಾಗ ಈಗ ಜೇವರ್ಗಿ–ಚಾಮರಾಜನಗರ ರಾಷ್ಟ್ರೀಯ ಹೆದ್ದಾರಿ 150ಎಗೆ ಸೇರಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ, ನಾಗಮಂಗಲ, ಬೆಳ್ಳೂರು ಕ್ರಾಸ್ ಮಂಡ್ಯ ಜಿಲ್ಲೆಯಲ್ಲಿ ಅದರ ಮುಖ್ಯ ಮಜಲುಗಳು. ಡಾಂಬರು ಬರುವ ಮುನ್ನವೇ ದಂಡು, ಯಾತ್ರಿಕರು, ಸಂತೆಯ ಗಾಡಿಗಳು ಓಡಾಡಿದ ಸೀಮೆ ಇದು.

ದಂಡಿನ ಗುರುತು ಪಾಂಡವಪುರದಲ್ಲೇ ಸಿಗುತ್ತದೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟ ಹಿರೋಡೆ, ಅಂದರೆ ಇಂದಿನ ಪಾಂಡವಪುರ, ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಯಿತು. ಅಲ್ಲಿಂದ ಬಡಗಣಕ್ಕೆ ಸಾಗಿದರೆ ಜಕ್ಕನಹಳ್ಳಿ. ವೈರಮುಡಿ ಉತ್ಸವಕ್ಕೆ ಹೋಗುವವರು ಮೇಲುಕೋಟೆಗೆ ತಿರುಗುವುದು ಇಲ್ಲೇ. ಮುಂದೆ ಸೌಮ್ಯಕೇಶವನ ನಾಗಮಂಗಲ. ಮೂರನೇ ಮೈಸೂರು ಯುದ್ಧದಲ್ಲಿ ಪರಶುರಾಮ ಭಾವೂನ ಮರಾಠಾ ದಂಡು ಈ ಊರನ್ನು ಹಾಳುಗೆಡವಿತು. ಆ ನಾಶದ ಸುದ್ದಿ 1800ರಲ್ಲಿ ಇತ್ತ ಬಂದ ಫ್ರಾನ್ಸಿಸ್ ಬುಕಾನನ್‌ನ ಬರಹದಲ್ಲೂ ಸೇರಿದೆ. ದೊಡ್ಡ ದಾರಿಯ ಮೇಲಿದ್ದ ಊರು ವ್ಯಾಪಾರದ ಲಾಭದ ಜೊತೆಗೆ ಯುದ್ಧದ ಪೆಟ್ಟನ್ನೂ ತಿನ್ನಬೇಕಿತ್ತು.

ಬೆಳ್ಳೂರು ಕ್ರಾಸ್ ಬೇರೆಯೇ ಕಾಲದ ಕೂಸು. ಹೊಯ್ಸಳರ ಕಾಲದ ದೇಗುಲಗಳಿರುವ ಬೆಳ್ಳೂರು ಹಿಂದೆ ಉಳಿದು, ಬೆಂಗಳೂರು–ಮಂಗಳೂರು ಹೆದ್ದಾರಿ ಅಡ್ಡಹಾಯುವ ಕಡೆ ಹೋಟೆಲು, ಗ್ಯಾರೇಜು, ಬಸ್ ನಿಲ್ದಾಣಗಳ ಹೊಸ ಊರು ಬೆಳೆಯಿತು.

ಇನ್ನೊಂದು ಕವಲು ಪಾಂಡವಪುರದಿಂದ ಚಿನಕುರಳಿಯ ಮೇಲೆ ಕೃಷ್ಣರಾಜಪೇಟೆಗೆ, ಅಲ್ಲಿಂದ ಕಿಕ್ಕೇರಿ ದಾಟಿ ಚನ್ನರಾಯಪಟ್ಟಣಕ್ಕೆ ಹೋಗುತ್ತದೆ. ಪೇಟೆಯ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯನ್ನು ಬಿಟ್ಟು ಮುಂದೆ ಹೋಗುವುದು ತಪ್ಪು.

ನಕಾಶೆಯನ್ನು ಹರಡಿ ನೋಡಿದರೆ ಈ ದಾರಿಗಳ ನಡುವೆ ಸಿಕ್ಕ ಬಿಂಡಿಗನವಿಲೆಯ ಪಾಡು ತಿಳಿಯುತ್ತದೆ. ಮೂಡಣಕ್ಕೆ ನಾಗಮಂಗಲದ ದಾರಿ, ಪಡುವಣಕ್ಕೆ ಕೆ.ಆರ್. ಪೇಟೆಯ ದಾರಿ, ಬಡಗಣಕ್ಕೆ ಮಂಗಳೂರು ಹೆದ್ದಾರಿ. ಮೂರೂ ಊರನ್ನು ಮುಟ್ಟದೆ ಹಾದಿವೆ. ಹೆದ್ದಾರಿಯಿಂದ ಬರುವವರು ಕದಬಹಳ್ಳಿಯಲ್ಲಿ ಒಳಕ್ಕೆ ತಿರುಗಬೇಕು. ಆದರೆ ಇದು ಸಣ್ಣ ಊರೇನಲ್ಲ. ಹೋಬಳಿ ಕೇಂದ್ರ, ಹೆಬ್ಬಾರ್ ಅಯ್ಯಂಗಾರರ ಪಂಚಗ್ರಾಮಗಳಲ್ಲಿ ಒಂದೆಂದು ಹೆಸರಾದುದು. ಚೆನ್ನಕೇಶವನ ಗುಡಿಯ ಗರುಡನಿಗಾಗಿ ಬೆಂಗಳೂರು, ಮೈಸೂರುಗಳಿಂದಲೂ ಒಕ್ಕಲಿನವರು ಬರುತ್ತಾರೆ. ಹಿಂದೆ ಊರಿನ ಮಹತ್ವವನ್ನು ಗುಡಿ ಮತ್ತು ಅಗ್ರಹಾರ ನಿರ್ಧರಿಸುತ್ತಿದ್ದವು. ಮೋಟಾರು ಬಂದ ಮೇಲೆ ಆ ಅಧಿಕಾರ ಕ್ರಾಸಿನ ಕೈಗೆ ಹೋಯಿತು. ಈ ಪಲ್ಲಟವನ್ನು ಬಿಂಡಿಗನವಿಲೆ, ಬೆಳ್ಳೂರುಗಳಷ್ಟು ಸ್ಪಷ್ಟವಾಗಿ ತೋರಿಸುವ ಊರುಗಳು ಜಿಲ್ಲೆಯಲ್ಲಿ ವಿರಳ.

ಆದ್ದರಿಂದ ಹೆದ್ದಾರಿಯ ಚರಿತ್ರೆಯನ್ನು ಅದರ ಅಂಚಿನ ಊರುಗಳಿಗಷ್ಟೇ ನಿಲ್ಲಿಸಬಾರದು. ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು 6ನೇ ಸಂಪುಟದಲ್ಲೂ ನಾಗಮಂಗಲದವು 7ರಲ್ಲೂ ಇವೆ. ಸ್ಥಳೀಯ ಕಾಲೇಜುಗಳ ಇತಿಹಾಸ ವಿಭಾಗಗಳು ಈ ಎರಡನ್ನೂ ಜೊತೆಗಿಟ್ಟುಕೊಂಡು ಒಳದಾರಿಗಳ ಸಮೀಕ್ಷೆಗೆ ಕೈಹಾಕಬೇಕು.