ಚಾಲಕನ ಬೆನ್ನು ಬಿಡದ ದಂಡದ ಚೀಟಿ

ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿದ ಪೊಲೀಸರು ದಂಡದ ಚೀಟಿ ಹರಿದು ಕೊಟ್ಟರೆ, ಹಣ ಕಟ್ಟಿದಲ್ಲಿಗೆ ಆ ಪ್ರಕರಣ ಮುಗಿಯಿತು ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಲಾರಿ ಚಾಲಕರ ಮಟ್ಟಿಗೂ ಬಹುಕಾಲ ಇದು ನಿಜವೇ ಆಗಿತ್ತು. ಇಂದು ಅಲ್ಲಿ ಆ ಚೀಟಿ ಚಾಲಕನ ಜತೆಗೇ ಪ್ರಯಾಣ ಮಾಡುತ್ತದೆ. ಅವನು ಹೊಸ ಕೆಲಸ ಕೇಳಲು ಹೋದರೆ ಅವನಿಗಿಂತ ಮೊದಲೇ ಅದು ಮಾಲೀಕನ ಮೇಜಿನ ಮೇಲೆ ಬಂದು ಕುಳಿತಿರುತ್ತದೆ. ರಸ್ತೆ ಬದಿಯ ತುಂಡು ಕಾಗದಕ್ಕೆ ಇಷ್ಟು ಬಲ ಬಂದದ್ದು ಒಂದೇ ದಿನದಲ್ಲಲ್ಲ.

1935ರಲ್ಲಿ ಜಾರಿಗೆ ಬಂದ ಮೋಟಾರ್ ಕ್ಯಾರಿಯರ್ ಕಾಯಿದೆ, ಅದುವರೆಗೆ ಮುಖ್ಯವಾಗಿ ರೈಲ್ವೆಯನ್ನು ನೋಡಿಕೊಳ್ಳುತ್ತಿದ್ದ ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ಲಾರಿಗಳ ಉಸ್ತುವಾರಿಯನ್ನೂ ವಹಿಸಿತು. ಚಾಲಕ ಎಷ್ಟು ಗಂಟೆ ಲಾರಿ ಓಡಿಸಬಹುದು, ಎಷ್ಟು ಗಂಟೆ ವಿಶ್ರಾಂತಿ ಪಡೆಯಬೇಕು ಎಂಬ ನಿಯಮಗಳು 1938ರ ವೇಳೆಗೆ ಬಂದವು. ಲೆಕ್ಕ ಬರೆದಿಡಲು ಲಾಗ್ ಪುಸ್ತಕವೂ ಬಂತು. ಆದರೆ ಆಳುವವರು ಚಾಪೆ ಕೆಳಗೆ ನುಸುಳಿದರೆ ದುಡಿಯುವವರು ರಂಗೋಲಿ ಕೆಳಗೆ ನುಸುಳಿದರು. ಮೈಲಿಗೆ ಇಷ್ಟು ಎಂದು ಕೂಲಿ ಸಿಗುವಾಗ ನಿದ್ದೆ ಮಾಡಿದ ಹೊತ್ತಿಗೆ ಕಾಸಿಲ್ಲ. ಹಾಗಾಗಿ ಓಡಿಸಿದ ಗಂಟೆಗಳು ಪುಸ್ತಕದಲ್ಲಿ ವಿಶ್ರಾಂತಿಯ ಗಂಟೆಗಳಾದವು. ಚಾಲಕರೇ ಅದನ್ನು ತಮಾಷೆಗೆ 'ಕಾಮಿಕ್ ಪುಸ್ತಕ' ಎಂದು ಕರೆಯುತ್ತಿದ್ದರು.

ಕೇಂದ್ರದ ಬಳಿ ನಿಯಮವಿತ್ತು, ಆದರೆ ರಸ್ತೆಯಲ್ಲಿ ನಿಂತು ನೋಡುವ ಕಣ್ಣುಗಳು ಸಾಲದಾಗಿದ್ದವು. 1982ರ ಸಾರಿಗೆ ಕಾಯಿದೆಯು ತಪಾಸಣೆಗಾಗಿ ರಾಜ್ಯಗಳಿಗೆ ಹಣ ಕೊಡುವ ಏರ್ಪಾಡು ಮಾಡಿತು. ಸುಮಾರು ಅದೇ ಹೊತ್ತಿಗೆ ರೂಪುಗೊಂಡ ವಾಣಿಜ್ಯ ವಾಹನ ಸುರಕ್ಷತಾ ಒಕ್ಕೂಟ, ಎಲ್ಲ ಕಡೆಯೂ ಒಂದೇ ಬಗೆಯ ತಪಾಸಣೆ ನಡೆಯುವಂತೆ ಮಾಡಿತು. ಇಂದು ಅದರ ಪೂರ್ಣ ಪ್ರಮಾಣದ ತಪಾಸಣೆಯಲ್ಲಿ 37 ಹಂತಗಳಿವೆ. ಅಧಿಕಾರಿ ಲಾರಿಯ ಅಡಿಗೇ ಹೋಗಿ ಬ್ರೇಕ್ ಅಳೆಯುತ್ತಾನೆ. ಟೈರು, ದೀಪ, ಸರಕು ಕಟ್ಟಿದ ರೀತಿ, ಚಾಲಕನ ಕಾಗದಪತ್ರ ಎಲ್ಲವನ್ನೂ ನೋಡುತ್ತಾನೆ. ದೋಷ ಗಂಭೀರವಾಗಿದ್ದರೆ ಅದು ಸರಿಯಾಗುವವರೆಗೆ ಲಾರಿ ಅಲ್ಲಿಂದ ಕದಲುವಂತಿಲ್ಲ.

ಇಷ್ಟಾದರೂ ದೊಡ್ಡದೊಂದು ಕಿಂಡಿ ಉಳಿದಿತ್ತು. ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಅಧಿಕಾರವಾಗಿತ್ತು. ಅನೇಕ ರಾಜ್ಯಗಳಲ್ಲಿ ಕಾರಿನ ಲೈಸೆನ್ಸ್ ಇದ್ದವನೇ ಭಾರಿ ಟ್ರೇಲರ್ ಲಾರಿಯನ್ನೂ ಓಡಿಸಬಹುದಿತ್ತು. ಎರಡು ಮೂರು ರಾಜ್ಯಗಳ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡವರು ಒಂದು ಚೀಟಿಯನ್ನು ಒಂದಕ್ಕೆ, ಮತ್ತೊಂದನ್ನು ಇನ್ನೊಂದಕ್ಕೆ ಹಂಚಿಬಿಡುತ್ತಿದ್ದರು. ಹತ್ತು ತಪ್ಪು ಮಾಡಿದವನೂ ಪ್ರತಿ ರಾಜ್ಯದ ಕಡತದಲ್ಲಿ ಒಂದೆರಡು ತಪ್ಪಿನ ಸಾಧುವಾಗಿಯೇ ಕಾಣುತ್ತಿದ್ದ. 1986ರ ವಾಣಿಜ್ಯ ವಾಹನ ಸುರಕ್ಷತಾ ಕಾಯಿದೆ ಈ ಕಿಂಡಿಯನ್ನು ಮುಚ್ಚಿತು. ಒಬ್ಬ ಚಾಲಕನಿಗೆ ಒಂದೇ ಲೈಸೆನ್ಸ್, ಒಂದೇ ದಾಖಲೆ ಎಂಬುದು ಅದರ ತಿರುಳು. 1992ರ ಏಪ್ರಿಲ್ 1ರ ವೇಳೆಗೆ ಎಲ್ಲ ಚಾಲಕರೂ ಹೊಸ ವಾಣಿಜ್ಯ ಲೈಸೆನ್ಸ್ ಪಡೆಯಬೇಕಾಯಿತು. ಮಿತಿಗಿಂತ ಗಂಟೆಗೆ 15 ಮೈಲಿ, ಎಂದರೆ ಸುಮಾರು 24 ಕಿಲೋಮೀಟರ್, ಹೆಚ್ಚು ವೇಗದಂಥ ಗಂಭೀರ ತಪ್ಪು ಮೂರು ವರ್ಷದಲ್ಲಿ ಎರಡು ಬಾರಿ ಸಾಬೀತಾದರೆ 60 ದಿನ, ಮೂರು ಬಾರಿಯಾದರೆ 120 ದಿನ ಲಾರಿ ಓಡಿಸುವಂತಿಲ್ಲ.

ಲಾರಿ, ಬಸ್ಸುಗಳ ಸುರಕ್ಷತೆಗೆಂದೇ 2000ದ ಜನವರಿಯಲ್ಲಿ ಪ್ರತ್ಯೇಕ ಕೇಂದ್ರ ಇಲಾಖೆ ಹುಟ್ಟಿತು. ಹತ್ತು ವರ್ಷಗಳ ನಂತರ, 2010ರಲ್ಲಿ, ಅದು ಹೊಸ ಅಂಕ ಪದ್ಧತಿ ತಂದಿತು. ಪ್ರತಿ ಉಲ್ಲಂಘನೆಗೂ ಅದರ ತೀವ್ರತೆಗೆ ತಕ್ಕಂತೆ 1ರಿಂದ 10ರವರೆಗೆ ಅಂಕ. ಮೊದಲ ಆರು ತಿಂಗಳು ಅದರ ಮೂರರಷ್ಟು, ಮುಂದಿನ ಆರು ತಿಂಗಳು ಎರಡರಷ್ಟು, ಎರಡನೆಯ ವರ್ಷ ಒಂದರಷ್ಟು ಎಂದು ಎಣಿಕೆ. ಹೀಗೆ 10 ಅಂಕದ ಅತಿವೇಗ ಮೊದಲಿಗೆ 30 ಆಗಿ, ನಂತರ 20ಕ್ಕೆ, 10ಕ್ಕೆ ಇಳಿದು, ಎರಡು ವರ್ಷ ತುಂಬಿದ ಮೇಲೆ ಅಳಿಯುತ್ತದೆ. ಈ ಅಂಕ ಸೇರುವುದು ಕಂಪೆನಿಯ ಲೆಕ್ಕಕ್ಕೆ. ಅದನ್ನು ತಂದವನು ಮಾತ್ರ ಚಾಲಕ. ಚಾಲಕನ ಒಪ್ಪಿಗೆ ಪಡೆದು, ಅವನ ಐದು ವರ್ಷದ ಅಪಘಾತ ಹಾಗೂ ಮೂರು ವರ್ಷದ ತಪಾಸಣೆಯ ವಿವರಗಳನ್ನು ಕೆಲಸ ಕೊಡುವವರು ತರಿಸಿಕೊಳ್ಳುವ ಏರ್ಪಾಡೂ ಅದೇ ವರ್ಷ ಬಂತು.

ಚಾಲಕರ ಸಂಕಟ ಶುರುವಾದದ್ದು ಇಲ್ಲಿ. ದಂಡದ ಚೀಟಿ ಬೇರೆ, ತಪಾಸಣೆಯ ವರದಿ ಬೇರೆ. ಚೀಟಿ ನ್ಯಾಯಾಲಯಕ್ಕೆ ಹೋಗುತ್ತದೆ, ಅಲ್ಲಿ ವಾದಿಸಬಹುದು. ವರದಿ ನೇರವಾಗಿ ಕೇಂದ್ರದ ಕಡತ ಸೇರುತ್ತದೆ. ಅಧಿಕಾರಿ ದಂಡ ಹಾಕದೆ ಬರೀ ಎಚ್ಚರಿಕೆ ಕೊಟ್ಟು ಕಳಿಸಿದರೂ ವರದಿಯಲ್ಲಿ ಬರೆದದ್ದು ಉಳಿಯುತ್ತದೆ. ಇನ್ನೂ ವಿಚಿತ್ರವೆಂದರೆ, ನ್ಯಾಯಾಧೀಶರು ಚಾಲಕ ತಪ್ಪಿತಸ್ಥನಲ್ಲ ಎಂದು ಬಿಟ್ಟರೂ ಕಡತದಲ್ಲಿ ಅವನು ತಪ್ಪಿತಸ್ಥನಾಗಿಯೇ ಉಳಿಯುವ ಸಂಭವವಿತ್ತು. 2014ರ ಆಗಸ್ಟ್ 23ರಿಂದ ನಡೆದ ತಪಾಸಣೆಗಳಿಗೆ ಇದು ಬದಲಾಯಿತು. ನ್ಯಾಯಾಲಯದ ತೀರ್ಪಿನ ಪ್ರತಿ ಸಲ್ಲಿಸಿ ತಿದ್ದುಪಡಿ ಕೇಳುವ ಹಕ್ಕು ಚಾಲಕನಿಗೆ ದೊರೆಯಿತು.

ಅಂಕಗಳು ಅಪಾಯವನ್ನು ನಿಜಕ್ಕೂ ಅಳೆಯುತ್ತವೆಯೇ ಎಂಬ ಪ್ರಶ್ನೆಯೂ ಎದ್ದಿತು. ಅಮೆರಿಕದ ಸಂಸತ್ತಿಗಾಗಿ ಸರ್ಕಾರಿ ಕಾರ್ಯಕ್ರಮಗಳನ್ನು ಪರಿಶೀಲಿಸುವ ಕಚೇರಿ 2014ರಲ್ಲಿ ವರದಿ ನೀಡಿ, ಬಹುಪಾಲು ನಿಯಮಗಳ ಉಲ್ಲಂಘನೆ ತೀರಾ ವಿರಳವಾದ್ದರಿಂದ ಅವಕ್ಕೂ ಅಪಘಾತಕ್ಕೂ ನಂಟು ಹೇಳುವುದು ಕಷ್ಟ ಎಂದಿತು. ನಾಲ್ಕಾರು ಲಾರಿಗಳ ಸಣ್ಣ ಕಂಪೆನಿ ಅಪರೂಪಕ್ಕೆ ತಪಾಸಣೆಗೆ ಸಿಕ್ಕುತ್ತದೆ. ಒಂದು ಕೆಟ್ಟ ದಿನವೇ ಅದರ ಅಂಕವನ್ನು ಕೆಡಿಸಬಲ್ಲದು. 2015ರ ಕಾಯಿದೆಯೊಂದು ಸರಕು ಸಾಗಣೆ ಕಂಪೆನಿಗಳ ಈ ಶ್ರೇಯಾಂಕಗಳನ್ನು ಸಾರ್ವಜನಿಕರ ಕಣ್ಣಿನಿಂದ ಮರೆಮಾಡಿತು. ಯಾರ ತಪ್ಪೆಂದು ನೋಡದೆ ಎಲ್ಲ ಅಪಘಾತವನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದ ಕ್ರಮವನ್ನು ತಿದ್ದಲು 2017ರಲ್ಲಿ ಪ್ರಯೋಗ ನಡೆದು, 2020ರಲ್ಲಿ ಅದು ಕಾಯಂ ಆಯಿತು. ನಿಂತ ಲಾರಿಗೆ ಹಿಂದಿನಿಂದ ಕಾರು ಬಂದು ಗುದ್ದಿದರೆ, ದಾಖಲೆ ಒದಗಿಸಿ ಅದನ್ನು ಅಂಕದಿಂದ ಬಿಡಿಸಿಕೊಳ್ಳಬಹುದು. 1ರಿಂದ 10ರ ತೀವ್ರತೆಯ ಬದಲು 1 ಮತ್ತು 2 ಎಂಬ ಎರಡೇ ದರ್ಜೆ ಸಾಕೆಂಬ ಬದಲಾವಣೆಯನ್ನು ಇಲಾಖೆ 2024ರಲ್ಲಿ ಪ್ರಕಟಿಸಿತು.

ದಾಖಲೆಯೇ ಇಲ್ಲದ ಕಾಲಕ್ಕೆ ಮರಳಬೇಕೆಂದು ಇದರ ಅರ್ಥವಲ್ಲ. ಸರಕು ತುಂಬಿದ ಅಮೆರಿಕದ ಟ್ರೇಲರ್ ಲಾರಿಯ ತೂಕ 80,000 ಪೌಂಡ್, ಎಂದರೆ 36 ಟನ್ ದಾಟಬಹುದು. ಅದರ ಬ್ರೇಕ್ ಕೈಕೊಟ್ಟರೆ ಅಥವಾ ಚಾಲಕ ತೂಕಡಿಸಿದರೆ ಬೆಲೆ ತೆರುವವರು ಮುಂದಿನ ಕಾರಿನಲ್ಲಿರುವವರು. ಮೂರು ಲೈಸೆನ್ಸಿನ ಚಾಲಕ ಮರೆಯಾದದ್ದು ಅವರ ಪಾಲಿಗೆ ಲಾಭವೇ. ಆದರೆ ಬರೆದಿಡುವವರಷ್ಟೇ ತಿದ್ದುವವರೂ ಚುರುಕಾಗಿರಬೇಕೆಂಬುದನ್ನು ಈ ಇತಿಹಾಸ ತೋರಿಸುತ್ತದೆ. ದೋಷವಿಲ್ಲದ ತಪಾಸಣೆಯೂ ಕಡತ ಸೇರುತ್ತದೆ, ಒಟ್ಟು ಲೆಕ್ಕವನ್ನು ಹಗುರ ಮಾಡುತ್ತದೆ. ಅದಕ್ಕೇ ಅನುಭವಿ ಚಾಲಕರು ಸುಸ್ಥಿತಿಯ ಲಾರಿಯನ್ನು ತಪಾಸಣೆಗೆ ಒಡ್ಡಲು ಅಂಜುವುದಿಲ್ಲ. ದಂಡ ಕಟ್ಟಿದ ರಸೀದಿಯಂತೆಯೇ 'ದೋಷವಿಲ್ಲ' ಎಂದು ಬರೆದ ಹಾಳೆಯನ್ನೂ ಅವರು ಜೋಪಾನವಾಗಿ ತೆಗೆದಿಡುತ್ತಾರೆ.