ಬಿಲ್ಲೆಯ ಬೆಲೆ

ಎದೆಗೆ ಅಡ್ಡಲಾದ ಪಟ್ಟಿ, ಅದರ ನಡುವೆ ಮಿರುಗುವ ಹಿತ್ತಾಳೆಯ ಬಿಲ್ಲೆ. ಸರಕಾರವೆಂದರೆ ನಮ್ಮ ಹಿರಿಯರಿಗೆ ಬಹುಮಟ್ಟಿಗೆ ಇಷ್ಟೇ. ಇಲ್ಲಿಯ ತಮಿಳರೂ ಅದನ್ನು 'ವಿಲ್ಲೈ' ಎಂದೇ ಕರೆಯುತ್ತಾರೆ. ಬಿಲ್ಲೆ ಹಾಕಿದವನಿಗೆ ಊರು ತಲೆಬಾಗುವುದಾದರೆ ಸುಳ್ಳು ಬಿಲ್ಲೆ ಹುಟ್ಟದೆ ಇದ್ದೀತೆ?

ಮದರಾಸು ಪ್ರಾಂತ್ಯಕ್ಕೆ ಜಿಲ್ಲಾ ಪೋಲೀಸ್ ಕಾಯಿದೆ ಬಂದದ್ದು 1859ರಲ್ಲಿ. ಬಳ್ಳಾರಿ, ದಕ್ಷಿಣ ಕನ್ನಡಗಳು ಆಗ ಈ ಪ್ರಾಂತ್ಯಕ್ಕೇ ಸೇರಿದ್ದುದರಿಂದ ಕನ್ನಡಿಗರಲ್ಲಿ ಅನೇಕರಿಗೂ ಅದೇ ಕಾಯಿದೆ. ಮರುವರ್ಷ ಭಾರತ ದಂಡಸಂಹಿತೆ ಅಂಗೀಕಾರವಾಯಿತು. 1862ರ ಜನವರಿ 1ರಿಂದ ಜಾರಿಗೆ ಬಂತು. ಮೆಕಾಲೆಯ ನೇತೃತ್ವದಲ್ಲಿ 1837ರಲ್ಲೇ ಸಿದ್ಧವಾಗಿದ್ದ ಕರಡು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದಿತ್ತು.

ಅದರ 170ನೆಯ ಕಲಮು ಸರಕಾರಿ ಅಧಿಕಾರಿಯೆಂದು ನಟಿಸಿ ಆ ಅಧಿಕಾರ ಚಲಾಯಿಸುವವನಿಗೆ ಎರಡು ವರ್ಷದವರೆಗೆ ಸಜೆ ಹೇಳಿತು. 171ನೆಯದು ಉಡುಪು, ಬಿಲ್ಲೆಗಳಿಗೇ ಸಂಬಂಧಿಸಿದ್ದು: ನಂಬಿಸುವ ಉದ್ದೇಶದಿಂದ ಅವನ್ನು ಧರಿಸಿದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ 200 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಗ್ನಿಶಾಮಕ ದಳದವರೂ ಸರಕಾರಿ ನೌಕರರಾದ್ದರಿಂದ ಅವರ ಬಿಲ್ಲೆಗೂ ಇದೇ ರಕ್ಷಣೆ. ಉದ್ದೇಶವೇ ಮುಖ್ಯವಾದ್ದರಿಂದ ನಮ್ಮ ರಾಜ್ಯೋತ್ಸವದ ನಾಟಕದ ಇನ್ಸ್‌ಪೆಕ್ಟರು ಹೆದರಬೇಕಾಗಿಲ್ಲ!

ಈ ಕಲಮು ಹಿಡಿದದ್ದು ಧರಿಸುವವನನ್ನು. ತಯಾರಿಸಿ ಮಾರುವವನನ್ನು ಹೆಸರಿಸಲಿಲ್ಲ. ಮೋಸಕ್ಕೆಂದು ತಿಳಿದೂ ಒದಗಿಸಿದವನು ಕುಮ್ಮಕ್ಕಿನ ಅಪರಾಧದಲ್ಲಿ ಸಿಕ್ಕಿಬೀಳಬಹುದು, ಅಷ್ಟೆ. ಮುಂದೆ 2005ರ ರಾಜಲಾಂಛನ ಕಾಯಿದೆ, ಸರಕಾರದ್ದೆಂಬ ಭ್ರಮೆ ಹುಟ್ಟಿಸುವಂತೆ ಅಶೋಕಸ್ತಂಭದ ಸಿಂಹಮುದ್ರೆಯನ್ನಾಗಲಿ ಅದರ ಅನುಕರಣೆಯನ್ನಾಗಲಿ ಬಳಸುವುದನ್ನು ನಿಷೇಧಿಸಿತು. ಅದೇ ವರ್ಷದ ಇನ್ನೊಂದು ಕಾಯಿದೆ, ಖಾಸಗಿ ಕಾವಲುಗಾರನು ಪೋಲೀಸರ ಅಥವಾ ಸೈನಿಕರ ಸಮವಸ್ತ್ರ ತೊಟ್ಟರೆ ಅವನಿಗೂ ಅವನ ಯಜಮಾನನಿಗೂ ಒಂದು ವರ್ಷದವರೆಗೆ ಸಜೆ ವಿಧಿಸಿತು.

ಬಿಲ್ಲೆಯ ಮಹಿಮೆ ಎಷ್ಟೆಂಬುದಕ್ಕೆ 1987ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ನಡೆದ ಘಟನೆಯೇ ಸಾಕ್ಷಿ. ಒಬ್ಬ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಪದವೀಧರರನ್ನು ಕರೆಸಿ, ಗುರುತುಚೀಟಿ ಕೊಟ್ಟು, ಸಿ.ಬಿ.ಐ. ಶೋಧನೆಯೆಂದು ಆಭರಣದಂಗಡಿಗೆ ಕರೆದೊಯ್ದ. ಒಡವೆಗಳೊಂದಿಗೆ ಅವನು ಮಾಯವಾದ. ಕೆಲಸ ಸಿಕ್ಕಿತೆಂದು ಬಂದಿದ್ದ ಹುಡುಗರು ಅಲ್ಲಿಯೇ ನಿಂತಿದ್ದರು.

ಕಚೇರಿಯಲ್ಲಿ ಕಡತ ನೋಡುವ ನಮಗೆ ಸೋಜಿಗವೆನಿಸುವುದು ಆ 200 ರೂಪಾಯಿ. 1862ರಲ್ಲಿ ಅದು ಜವಾನನೊಬ್ಬನ ಅನೇಕ ತಿಂಗಳ ಸಂಬಳ. ಅದೇ ಅಂಕೆ 162 ವರ್ಷ ಅಲುಗದೆ ಉಳಿಯಿತು! 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಮೇಲೆ ದಂಡ 5000 ರೂಪಾಯಿವರೆಗೆ ಏರಿತು. ಅಧಿಕಾರಿಯೆಂದು ನಟಿಸಿ ಕಾರ್ಯವೆಸಗಿದವನಿಗೆ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಸಜೆ.

ಈಗ ಸುಳ್ಳು ಬಿಲ್ಲೆ ಮೊಬೈಲಿನ ಪರದೆಯಲ್ಲೇ ಮನೆಯೊಳಗೆ ಬರುತ್ತದೆ. ಸಮವಸ್ತ್ರ ತೊಟ್ಟವನೊಬ್ಬ 'ಡಿಜಿಟಲ್ ಬಂಧನ' ಎಂದು ಬೆದರಿಸಿ, ವೃದ್ಧರ ಜೀವಮಾನದ ಉಳಿತಾಯವನ್ನೇ ದೋಚುತ್ತಾನೆ. ಅಂಥ ಬಂಧನ ನಮ್ಮ ಯಾವ ಕಾಯಿದೆಯಲ್ಲೂ ಇಲ್ಲ. ನಿಜವಾದ ಪೋಲೀಸರಿಗೋ, ಬಂಧಿಸುವಾಗ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವ ಗುರುತು ಧರಿಸಿರಬೇಕೆಂದು 1996ರಲ್ಲೇ ಸುಪ್ರೀಂ ಕೋರ್ಟು ಡಿ.ಕೆ. ಬಸು ಮೊಕದ್ದಮೆಯಲ್ಲಿ ವಿಧಿಸಿದೆ.

ಎಂದಮೇಲೆ ಹೆಸರೇನು, ಯಾವ ಠಾಣೆ ಎಂದು ಕೇಳುವುದು ಉದ್ಧಟತನವಲ್ಲ, ನಮ್ಮ ಹಕ್ಕು. ಪರಭಾಷೆಯ ಊರಿನಲ್ಲಿ ಬಾಳುವ ನಾವು ಇದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲೇ ತಿಳಿಸಿ ಹೇಳಬೇಕು. ಮೋಸ ನಡೆದುಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡುವುದನ್ನೂ ಕಲಿಸಬೇಕು.